ಸ್ಪೀಕರ್ ಮಾವನ ಉಲ್ಕಾಶಿಲೆಗಳು

ನಮ್ಮ ಮಾವನ ಅಂಗಡಿಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯ ಮೇಲಿನ ಹಲಗೆ: 'ಕ್ಯಾಸೆಟ್‌ಗಳನ್ನು ಸ್ಪೀಕರ್ ಮೇಲೆ ಇಡಬೇಡಿ.' ಕ್ಯಾಸೆಟ್ಟುಗಳ ಕಾಲ ಮುಗಿದು ಎಷ್ಟೋ ವರ್ಷವಾಯಿತು, ಹಲಗೆ ಮಾತ್ರ ಅಲ್ಲೇ ಇದೆ. ಸ್ಪೀಕರಿನ ಬೆನ್ನಿಗೆ ಅಯಸ್ಕಾಂತ ಇರುತ್ತದೆ, ಟೇಪಿನಲ್ಲಿರುವ ಹಾಡನ್ನು ಅದು ಸದ್ದಿಲ್ಲದೆ ಅಳಿಸಿಬಿಡುತ್ತದೆ ಎಂದು ಬಂದವರಿಗೆಲ್ಲ ಮಾವ ಪಾಠ ಹೇಳುತ್ತಿದ್ದರು. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಇವರು ನನ್ನ ಅಮ್ಮನ ತಮ್ಮ. ರಿಪೇರಿ ಕೆಲಸದಿಂದಾಗಿ ಇಡೀ ಬೀದಿಗೆ ಸ್ಪೀಕರ್ ಮಾವ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ನನಗೆ ಪಕ್ಕದ ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಮಧ್ಯಾಹ್ನದ ಊಟ ಅತ್ತೆಯ ಕೈಯಲ್ಲಿ. ಹಾಗಾಗಿ ಈ ಮನೆಯ ಒಳಗುಟ್ಟೆಲ್ಲ ನನಗೆ ಗೊತ್ತು.

ಮಾವ ಉಲ್ಕಾಶಿಲೆಗಳನ್ನು ಸಂಗ್ರಹಿಸುತ್ತಾರೆ. ಆಕಾಶದಿಂದ ಬಿದ್ದ ಕಲ್ಲುಗಳು. ಕೊಳ್ಳುವ ಶಕ್ತಿ ಅವರಿಗೆಲ್ಲಿಂದ ಬರಬೇಕು? ಗುಜರಿಗೆ ಹೋಗಬೇಕಿದ್ದ ಹಳೇ ವಾಲ್ವ್ ರೇಡಿಯೋಗಳನ್ನು ತಂದು, ತಿಂಗಳುಗಟ್ಟಲೆ ಕೂತು ಹಾಡುವ ಹಾಗೆ ಮಾಡಿ, ದೂರದೇಶಗಳ ಸಂಗ್ರಾಹಕರಿಗೆ ಕಳಿಸುತ್ತಾರೆ. ಅಲ್ಲಿಂದ ಕಲ್ಲು ಬರುತ್ತದೆ. ಮರಳುಗಾಡಿನಲ್ಲಿ ಸಿಕ್ಕಿದ್ದು, ಹಿಮದ ಮೇಲೆ ಬಿದ್ದಿದ್ದು, ಯಾರದೋ ಗೋಧಿ ಹೊಲದಲ್ಲಿ ನೇಗಿಲಿಗೆ ಅಡ್ಡ ಬಂದದ್ದು. ತೇವಕ್ಕೆ ತುಕ್ಕು ಹಿಡಿಯುತ್ತವೆಂದು ಗಾಳಿಯಾಡದ ಡಬ್ಬಿ ಬೇಕು. ಹಲ್ಲಿನ ಸೆಟ್ ಇಡುವ ಪ್ಲಾಸ್ಟಿಕ್ ಡಬ್ಬಿಗಳನ್ನು ನಾನು ತಂದುಕೊಟ್ಟೆ. ಅಂದಿನಿಂದ ಅತ್ತೆ ಅವಕ್ಕೆ ಆಕಾಶದ ದವಡೆಹಲ್ಲು ಎಂದೇ ಹೆಸರಿಟ್ಟರು. ಸಿಟ್ಟು ಬಂದ ದಿನ ಮಾತ್ರ ಬೇರೆ ಹೆಸರು.

"ಒಬ್ಬಳಾ, ಇಬ್ಬರಾ? ಕಪಾಟಿನ ತುಂಬ ಸವತಿಯರು. ಅದೂ ಮೇಲಿಂದ ಇಳಿದು ಬಂದೋರು."

ಪಾರ್ಸೆಲ್ ಬಂದ ದಿನ ಮಾವನನ್ನು ನೋಡಬೇಕು. ಕೈ ತೊಳೆದು, ಮೇಜು ಒರೆಸಿ, ಕತ್ತರಿ ಹಾಕದೆ ಉಗುರಿನಲ್ಲೇ ಅಂಟು ಬಿಡಿಸುತ್ತಾರೆ. ಆಮೇಲೆ ಹಳೇ ಸ್ಪೀಕರಿನಿಂದ ಬಿಚ್ಚಿದ, ಬಳೆಯಂಥ ಒಂದು ಅಯಸ್ಕಾಂತವನ್ನು ದಾರದಲ್ಲಿ ಇಳಿಬಿಟ್ಟು ಕಲ್ಲಿನ ಹತ್ತಿರ ತರುತ್ತಾರೆ. ಆಕಾಶದ ಕಲ್ಲಿನಲ್ಲಿ ಸಾಮಾನ್ಯವಾಗಿ ಕಬ್ಬಿಣ ಇರುತ್ತದೆ. ಅಯಸ್ಕಾಂತ ತೂಗಾಡಿ, ವಾಲಿ, ಟಕ್ ಎಂದು ಅಂಟಿಕೊಳ್ಳುತ್ತದೆ. "ಮಾತಾಡಿಸಿದೆ, ಓ ಅಂತು," ಎನ್ನುತ್ತಾರೆ ಮಾವ, ಮುಖವೆಲ್ಲ ಬಾಯಾಗಿ. ಈ ಶಾಸ್ತ್ರವಾಗದೆ ಯಾವ ಕಲ್ಲೂ ಡಬ್ಬಿಯೊಳಗೆ ಹೋದದ್ದಿಲ್ಲ.

ಆದರೆ ಅವರ ಕೊರಗೇ ಬೇರೆ. ಕಪಾಟಿನಲ್ಲಿರುವ ಪ್ರತಿಯೊಂದು ಕಲ್ಲನ್ನೂ ಯಾರೋ ನೋಡಿದ್ದು, ಯಾರೋ ಎತ್ತಿದ್ದು. ಒಂದಾದರೂ ಬೀಳುವುದನ್ನು ಕಣ್ಣಾರೆ ಕಾಣಬೇಕು, ಬಿದ್ದದ್ದನ್ನು ಕೈಯಾರೆ ಎತ್ತಬೇಕು. ಮದುವೆಯಾದಾಗಿನಿಂದ ಅತ್ತೆ ನೋಡಿದ್ದಾರೆ: ಸಂಜೆ ಅಂಗಡಿಯ ಕೆಲಸಕ್ಕೆ ಸ್ವಲ್ಪ ಬಿಡುವಾದರೆ ಸಾಕು, ಮನುಷ್ಯ ತಾರಸಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಮುಖ ಮೇಲೆ ಮಾಡಿ ಕೂತಿರುತ್ತಾರೆ. ಬಸ್ಸಿಗೆ ಕಾಯುವವರಿಗಾದರೂ ಬಸ್ಸು ಬರುವ ಹೊತ್ತು ಗೊತ್ತಿರುತ್ತದೆ. ಇವರ ಕತ್ತಿಗೆ ಎಣ್ಣೆ ಉಜ್ಜುವ ಕೆಲಸ ಅತ್ತೆಯದು.

"ಬೀಳೋದಿದ್ರೆ ನಿಮಗೆ ಹೇಳಿ ಬೀಳುತ್ತಾ?" ಎನ್ನುತ್ತಿದ್ದರು ಅತ್ತೆ.

"ಒಂದೇ ಒಂದು ಸಲ ಕಣೇ. ಆಮೇಲೆ ಕುರ್ಚಿ ಮಾರಿಬಿಡ್ತೀನಿ."

ಆ ಒಂದು ಸಲ ಬಂದೇ ಬಂತು. ಅವತ್ತು ಮಾವ ತಾರಸಿಯಲ್ಲಿರಲಿಲ್ಲ.

ಬ್ಯಾಂಡಿನವರ ಯಜಮಾನ ದೊಡ್ಡ ಸ್ಪೀಕರ್ ಪೆಟ್ಟಿಗೆ ತಂದು ತಲೆ ಮೇಲೆ ಕೂತಿದ್ದ. ಆಗಷ್ಟೇ ಸೂರ್ಯ ಮುಳುಗಿದ್ದ. ಮಾವನ ಕೈಯಿಂದ ಒಂದು ಸ್ಕ್ರೂ ಜಾರಿ ಮೇಜಿನ ಕೆಳಗೆ ಹೋಯಿತು, ಮಾವ ಅದರ ಹಿಂದೆ ಹೋದರು. ಅದೇ ಹೊತ್ತಿಗೆ ಊರ ಮೇಲಿನ ಆಕಾಶದಲ್ಲಿ ಬೆಂಕಿಯ ಉಂಡೆಯೊಂದು ಹಾದುಹೋಯಿತು. ಹೂವಿನಂಗಡಿಯವಳು ನೋಡಿದಳು. ಎದುರಿನ ಕ್ಷೌರಿಕ ನೋಡಿದ, ಅವನ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನೂ ಸೋಪಿನ ನೊರೆ ಸಮೇತ ಬೀದಿಗೆ ಬಂದು ನೋಡಿದ. ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಅತ್ತೆ ನೋಡಿದರು. ಮೇಜಿನ ಕೆಳಗಿದ್ದ ಮಾವನಿಗೆ ಸ್ಕ್ರೂ ಸಿಕ್ಕಿತು.

ಅತ್ತೆ ಸ್ವಲ್ಪ ಹೊತ್ತು ನಿಂತಲ್ಲೇ ನಿಂತು, ಆಮೇಲೆ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು ಬರುವಷ್ಟರಲ್ಲಿ, ಬೆಳಕಿನ ಹಿಂದೆ ಹಿಂದೆ ಬರುವ ಸದ್ದು ಗುಡುಗಿನಂತೆ ಬಂತು. ಅಂಗಡಿಯ ಗಾಜು ಅದುರಿತು. ಮಾವ ಆಗಷ್ಟೇ ಸ್ಪೀಕರ್ ಹಚ್ಚಿದ್ದರು.

"ಆಹಾ! ಕೇಳಿದಿರಾ? ಬೇಸ್ ಈಗ ಸರಿಯಾಯ್ತು," ಎಂದರಂತೆ ಬ್ಯಾಂಡಿನವನಿಗೆ.

ಬೀದಿಯವರು ಇದನ್ನು ಹೇಳಿಕೊಂಡು ಇವತ್ತಿಗೂ ಹೊಟ್ಟೆ ಹಿಡಿದು ನಗುತ್ತಾರೆ. ಸದ್ದು ಕೇಳಿ ಕ್ಲಿನಿಕ್ಕಿನಿಂದ ಓಡಿಬಂದ ನಾನೂ ನಕ್ಕಿದ್ದೆ. ಆದರೆ ಆ ಸಂಜೆ ಮಾವ ಸ್ಕ್ರೂಡ್ರೈವರ್ ಹಿಡಿದುಕೊಂಡೇ ತಾರಸಿಗೆ ಓಡಿ, ಆಕಾಶದಲ್ಲಿ ಕರಗುತ್ತಿದ್ದ ಹೊಗೆಯ ಕೊನೇ ಎಳೆಯನ್ನು ನೋಡುತ್ತ ನಿಂತದ್ದನ್ನು ಕಂಡ ಮೇಲೆ ನಗು ಬರಲಿಲ್ಲ.

"ನನ್ನನ್ನ ಕರೀಬಾರದಿತ್ತಾ?" ಎಂದು ಕೇಳಿದರು ಅತ್ತೆಯನ್ನು. ಜೋರಾಗಿ ಕೇಳಿದ್ದರೆ ಅತ್ತೆ ತಿರುಗಿಸಿ ಹೇಳುತ್ತಿದ್ದರು. ಮೆತ್ತಗೆ ಕೇಳಿದ್ದರಿಂದ, ತಂತಿಯ ಮೇಲೆ ಉಳಿದಿದ್ದ ಬಟ್ಟೆ ತೆಗೆಯತೊಡಗಿದರು.

ಅಲ್ಲಿಂದ ಶುರುವಾಯಿತು ವಿಚಾರಣೆ. ಊಟಕ್ಕೆ ಕೂತರೆ ಅದೇ, ಎದ್ದರೆ ಅದೇ. ಮೊದಲ ದಿನ ಅತ್ತೆ ಹೇಳಿದ್ದು ಎರಡೇ ಮಾತು: "ದೊಡ್ಡ ಬೆಳಕು ಬಂತು. ಹೋಯ್ತು." ಮಾವ ಬಿಡುತ್ತಾರಾ?

"ಬಣ್ಣ ಯಾವುದು? ಹಸಿರು ಛಾಯೆ ಇರುತ್ತೆ ಅಂತಾರೆ. ಇತ್ತಾ?"

"ಇತ್ತೇನೋ."

"ಒಡೀತಾ? ಎರಡು ತುಂಡಾ, ಮೂರಾ?"

"ಎರಡು ಅನ್ಸುತ್ತೆ."

ಹತ್ತು ಹದಿನೈದು ದಿನ ಕಳೆಯುವುದರೊಳಗೆ ಬೆಳಕು ಗಿಣಿಯಷ್ಟು ಹಸಿರಾಯಿತು. ತುಂಡು ಮೂರಾದವು. ನನಗೆ ತಡೆಯಲಾಗಲಿಲ್ಲ. "ಅತ್ತೆ, ಹೋದ ವಾರ ಎರಡೇ ತುಂಡು ಅಂದಿದ್ರಿ," ಎಂದೆ.

"ನೋಡಿದ್ದು ನಾನಾ, ನೀನಾ? ತಟ್ಟೆ ನೋಡ್ಕೊಂಡು ಉಣ್ಣು."

ಅತ್ತೆ ಸುಳ್ಳು ಹೇಳುವವರಲ್ಲ. ಕರೆಯಲಿಲ್ಲವಲ್ಲ ಎಂಬ ಮುಳ್ಳು ಒಳಗೆ ಆಡುತ್ತಿತ್ತು. ಗಂಡ ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ಎನ್ನುತ್ತ, ಅವರಿಗೇ ಹಾಗೆ ಕಾಣತೊಡಗಿತ್ತು. ಕೇಳುವಾಗ ಮಾವ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಅಷ್ಟು ಆಸೆಯಿಂದ ಮುಚ್ಚಿದ ಕಣ್ಣಿಗೆ ಎರಡೇ ತುಂಡು ಬಡಿಸಲು ಯಾರಿಗೆ ಮನಸ್ಸು ಬರುತ್ತದೆ?

ಈ ನಡುವೆ, ಕಲ್ಲುಗಳು ಊರ ಹೊರಗಿನ ಹಳೇ ವಿಮಾನ ಮೈದಾನದ ಕಡೆ ಬಿದ್ದಿವೆ ಎಂಬ ಸುದ್ದಿ ಬಂತು. ಅಲ್ಲಿ ಈಗ ವಿಮಾನವಿಲ್ಲ, ಕಾರು ಓಡಿಸಲು ಕಲಿಯುವವರು ಮಾತ್ರ ಬರುತ್ತಾರೆ. ಒಂದು ಭಾನುವಾರ ಮಾವನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಅವರ ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಅದೇ ಬಳೆ ಅಯಸ್ಕಾಂತ. ಬಿಸಿಲು ನೆತ್ತಿ ಸುಡುತ್ತಿತ್ತು. ಬಿರುಕು ಬಿಟ್ಟ ಸಿಮೆಂಟಿನ ಮೇಲೆ ಮಾವ ಬಗ್ಗಿಕೊಂಡು ನಡೆದರು, ನಾನು ಗೊಣಗಿಕೊಂಡು ನಡೆದೆ. ಕಪ್ಪಗೆ ಕಂಡದ್ದೆಲ್ಲ ಟಾರಿನ ಉಂಡೆ, ಟೈರಿನ ಚೂರು, ಆಡಿನ ಹಿಕ್ಕೆ.

"ಮಾವ, ಸಾಕು. ಬಿಸಿಲಿಗೆ ನಾವೇ ಕಪ್ಪಗಾಗಿ ಉಲ್ಕೆ ಆಗ್ತೀವಿ."

ತಿರುಗಿ ನೋಡಿದರೆ ಮಾವ ಮಂಡಿಯೂರಿ ಕೂತಿದ್ದಾರೆ. ಸಿಮೆಂಟಿನ ಬಿರುಕಿನಲ್ಲಿ, ಒಣಹುಲ್ಲಿನ ನಡುವೆ, ಹೆಬ್ಬೆರಳಿನ ತುದಿಯಷ್ಟು ಒಂದು ಕಲ್ಲು. ಮೈಯೆಲ್ಲ ನುಣುಪಾದ ಕಪ್ಪು, ಒಂದು ಮೂಲೆ ಮುಕ್ಕಾಗಿ ಒಳಗಿನ ಬೂದುಬಣ್ಣ ಕಾಣುತ್ತಿತ್ತು. ಮಾವ ಕೈ ಚಾಚಿದರು, ಹಿಂದಕ್ಕೆ ತೆಗೆದರು. ಅಭ್ಯಾಸಬಲ, ಮೊದಲು ಕೋಲನ್ನು ಇಳಿಸಿದರು. ಟಕ್.

"ಓ ಅಂತು, ಮರಿ," ಎಂದರು. ಅತ್ತುಬಿಟ್ಟರು, ನನಗೂ ಕಣ್ಣು ತುಂಬಿತು.

ಮೈದಾನದ ಅಂಚಿನಲ್ಲಿ ದೊಡ್ಡ ಕೊಡೆಯ ಕೆಳಗೆ ಮೇಜು ಹಾಕಿಕೊಂಡು, ಬಿದ್ದ ಕಲ್ಲುಗಳನ್ನು ಪರೀಕ್ಷಿಸಲು ಬಂದ ಸಂಶೋಧನೆಯವರು ಕೂತಿದ್ದರು. ಅವರಲ್ಲೊಬ್ಬಳು ನನ್ನ ವಯಸ್ಸಿನ ಹುಡುಗಿ. ಕಲ್ಲನ್ನು ಕಂಡದ್ದೇ ಕೈಗವಸು ಹಾಕಿಕೊಂಡು ಎದ್ದು ನಿಂತಳು. "ಅದೇ ಸರ್! ನಿಜವಾದದ್ದೇ!" ಎಂದಳು. ಮಾವ ಎಳೆಮಗುವಿನ ಹಾಗೆ ನಕ್ಕರು. ಆಮೇಲೆ ಅವಳ ಕಣ್ಣು ಕೋಲಿನ ಮೇಲೆ ಬಿತ್ತು.

"ಇದನ್ನ ಮುಟ್ಟಿಸಿದ್ರಾ ಸರ್?"

"ಹೂಂ. ಅಂಟಿತು."

ಅವಳು ಪಾಪ, ಹೇಳಲೋ ಬೇಡವೋ ಎಂದು ಒದ್ದಾಡಿದಳು. ಮಾವ ಒತ್ತಾಯ ಮಾಡಿದ್ದಕ್ಕೆ ಹೇಳಿದಳು. "ಈ ಕಲ್ಲು ಹುಟ್ಟಿದ ಕಾಲದಲ್ಲಿ ಸುತ್ತಮುತ್ತ ಇದ್ದ ಕಾಂತಶಕ್ತಿಯ ಗುರುತು ಇದರೊಳಗೆ ಉಳಿದಿರುತ್ತೆ. ನಮ್ಮ ಭೂಮಿಗಿಂತ ಹಳೇ ನೆನಪು ಅಂದ್ಕೊಳ್ಳಿ. ಬಲವಾದ ಅಯಸ್ಕಾಂತ ತಾಗಿದ್ರೆ ಅದು ಅಳಿಸಿಹೋಗಿ, ಅಯಸ್ಕಾಂತದ ಗುರುತೇ ಕೂತ್ಕೊಳ್ಳುತ್ತೆ. ಎಲ್ಲರೂ ಹೀಗೇ ಪರೀಕ್ಷೆ ಮಾಡ್ತಾರೆ ಸರ್, ನಿಮ್ಮ ತಪ್ಪಲ್ಲ."

"ಮತ್ತೆ ಬರಲ್ವಾ ಅದು?"

"ಇಲ್ಲ ಸರ್."

ಬೇರೆ ಯಾರಾದರೂ ಆಗಿದ್ದರೆ ಇನ್ನೊಮ್ಮೆ ಬಿಡಿಸಿ ಹೇಳಬೇಕಾಗುತ್ತಿತ್ತು. ಮಾವನಿಗೆ ಬೇಕಾಗಲಿಲ್ಲ. ಜೀವಮಾನವಿಡೀ ಬೇರೆಯವರಿಗೆ ಹೇಳಿಕೊಟ್ಟ ಪಾಠ ಅದು. ಅವಳು ಫೋಟೋ ತೆಗೆದು, ತೂಗಿ ಹಿಂದಿರುಗಿಸಿದ ಕಲ್ಲನ್ನು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರು. ಅಂಗಡಿಯ ಬೀಗ ತೆಗೆದು ಹಲಗೆಯ ಕೆಳಗೆ ನಿಂತರು.

"ಒಂದನ್ನೂ ಬಿಟ್ಟಿಲ್ಲ ಮರಿ. ಪ್ರತಿಯೊಂದಕ್ಕೂ ತಾಗಿಸಿದೀನಿ. ಅಷ್ಟು ದೂರದಿಂದ ಹಾಡು ಹೊತ್ಕೊಂಡು ಬಂದ್ವು. ನಾನು ಬಾಗಿಲಲ್ಲೇ ಅಳಿಸಿ ಒಳಗೆ ಕರ್ಕೊಂಡೆ."

ಹಲ್ಲಿನ ಡಬ್ಬಿ ಇನ್ನೊಂದು ಬೇಕಾ ಎಂದು ಕೇಳಿದೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

ಆವತ್ತಿನಿಂದ ಮಾವ ಅತ್ತೆಯನ್ನು ಬೆಳಕಿನ ಬಗ್ಗೆ ಕೇಳುವುದನ್ನು ನಿಲ್ಲಿಸಿಬಿಟ್ಟರು. ಊಟಕ್ಕೆ ಕೂತರೆ ಸಾರು, ಪಲ್ಯ, ಬ್ಯಾಂಡಿನವನ ತಕರಾರು, ಇಷ್ಟೇ ಮಾತು. ಮೊದಲೆರಡು ದಿನ ಅತ್ತೆಗೆ ಹಾಯೆನಿಸಿತು. ಮೂರನೇ ದಿನಕ್ಕೆ ಅದೂ ಮುಗಿಯಿತು. "ಏನಾಗಿದೆ ಇವರಿಗೆ? ನನ್ನ ಮೇಲೆ ಬೇಜಾರಾ?" ಎಂದು ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು. ನೀವೇ ಕೇಳಿ ಎಂದೆ. ಗಂಡಹೆಂಡಿರ ನಡುವೆ ಟಪಾಲು ಹೊರುವುದು ನನಗೆ ಮೊದಲಿನಿಂದಲೂ ಆಗದು.

ಒಂದು ಮಧ್ಯಾಹ್ನ ಊಟದ ನಡುವೆ ಕೇಳಿಯೇಬಿಟ್ಟರು.

"ರೀ, ಈಗ ಯಾಕೆ ಏನೂ ಕೇಳಲ್ಲ ನೀವು? ಆ ಬೆಳಕಿನ ವಿಷಯ."

ಮಾವ ತುತ್ತು ಕೆಳಗಿಟ್ಟರು. "ಒಂದು ಹೇಳು. ಹಸಿರು ಇತ್ತು ಅಂತೀಯಲ್ಲ. ನಿಜವಾಗ್ಲೂ ಇತ್ತಾ?"

ಅತ್ತೆ ಕಣ್ಣು ಮುಚ್ಚಿ ನೋಡಿದರು. "ಈಗ ಕಣ್ಮುಚ್ಚಿದ್ರೆ ಹಸಿರೇ ಕಾಣುತ್ತೆ. ಮೊದ್ಲು ಇತ್ತೋ ಇಲ್ವೋ, ಗೊತ್ತಾಗ್ತಿಲ್ಲರೀ."

"ಅದು ನಾನು ಬಳಿದ ಹಸಿರು. ಮೂರು ತುಂಡೂ ನಂದೇ. ಕಲ್ಲಿಗೆ ಮಾಡಿದ್ದನ್ನೇ ನಿಂಗೂ ಮಾಡ್ದೆ ಕಣೇ. ಇನ್ನು ಕೇಳಲ್ಲ. ಉಳಿದಿರೋದಾದ್ರೂ ಉಳೀಲಿ."

ಅತ್ತೆ ನನ್ನ ಮುಖ ನೋಡಿದರು, ತಟ್ಟೆ ನೋಡಿದರು.

"ನೀವು ಕೇಳದೇ ಇದ್ದದ್ದು ಒಂದಿದೆ," ಎಂದರು ಆಮೇಲೆ. "ನೀವು ಬರೀ ಆಕಾಶದ್ದೇ ಕೇಳ್ತಿದ್ರಿ. ನಾನು ಆಕಾಶಾನ ಸರಿಯಾಗಿ ನೋಡ್ಲೇ ಇಲ್ಲ. ಅದನ್ನ ಹೇಳೋಕೆ ನಾಚಿಕೆ ಆಯ್ತು."

ಮಾವ ತಲೆ ಎತ್ತಿದರು. ತಾರಸಿಯ ಕುರ್ಚಿಯಲ್ಲಿ ಅಷ್ಟು ವರ್ಷ ಮೇಲಕ್ಕೆತ್ತಿ ಕೂತ ಮುಖವೇ ಅದು. ತುಟಿ ತೆರೆದವು. ಕೇಳಿಯೇಬಿಡುತ್ತಾರೆ ಎಂದುಕೊಂಡೆ. ಎಂಜಲು ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು.

"ನಾನು ನೋಡ್ತಿದ್ದದ್ದು ನೆಲಾನ," ಎಂದರು ಅತ್ತೆ. "ಬೆಳಕು ಬಂತಲ್ಲ, ತಂತಿ ಮೇಲಿದ್ದ ಬಟ್ಟೆಗಳ ನೆರಳೆಲ್ಲ ಎದ್ದು ಓಡೋಕೆ ಶುರುವಾಯ್ತು. ಸೀರೆ, ಟವೆಲು, ಎಲ್ಲ. ನಿಮ್ಮ ನೀಲಿ ಅಂಗಿ ನೆರಳು ತೋಳು ಚಾಚ್ಕೊಂಡು ನನ್ನ ಪಾದದ ಮೇಲೆ ಹಾದು, ನೀರಿನ ಟ್ಯಾಂಕ್ ತನಕ ಓಡಿ, ಇಲ್ಲವಾಯ್ತು. ನೀವೇ ಮೇಲೆ ಬಂದು ಓಡ್ತಿದೀರಿ ಅನ್ಸಿಬಿಡ್ತು ನನಗೆ. ಅದಕ್ಕೇ ಕರೀಲಿಲ್ಲ. ಇಲ್ಲೇ ಇದಾರಲ್ಲ ಅನ್ಕೊಂಡೆ."

ಮಾವ ಏನೂ ಕೇಳಲಿಲ್ಲ. ಎಷ್ಟು ವೇಗವಾಗಿ, ಯಾವ ದಿಕ್ಕಿಗೆ, ಎಷ್ಟು ಉದ್ದ, ಒಂದೂ ಇಲ್ಲ. ಕೈ ತೊಳೆದು ಅಂಗಡಿಗೆ ಇಳಿದುಹೋದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಜ್ಜಿಗೆ ಹಾಕಲಾ ಎಂದು ನನ್ನನ್ನು ಕೇಳಿದರು.

ಮಾರನೇ ಸಂಜೆ ಡಬ್ಬಿ ಕೊಡಲು ಹೋದಾಗ ಮಾವ ಕೆಳಗೆ ಇರಲಿಲ್ಲ. ತಾರಸಿ ಹತ್ತಿದೆ. ತಂತಿಯ ಮೇಲೆ ಒಣಗಿದ ನೀಲಿ ಅಂಗಿಯೊಂದೇ ಇತ್ತು. ಮಾವ ಕುರ್ಚಿಯನ್ನು ಟ್ಯಾಂಕಿನ ಪಕ್ಕಕ್ಕೆ ಎಳೆದುಕೊಂಡು, ಆಕಾಶವನ್ನು ಅದರ ಪಾಡಿಗೆ ಬಿಟ್ಟು, ನೆಲ ನೋಡುತ್ತ ಕೂತಿದ್ದರು. ನಾನೂ ಏನೂ ಕೇಳಲಿಲ್ಲ.