ದೆವ್ವಕ್ಕೆ ಬಂದ ಪ್ರಶಸ್ತಿ

ನನಗೆ ದೆವ್ವಗಳ ಮೇಲೆ ಹೊಟ್ಟೆಕಿಚ್ಚು. ನಗಬೇಡಿ. ಹೆದರಿಕೆಯಾಗಿದ್ದರೆ ತಾಯಿತ ಕಟ್ಟಿಸಿಕೊಳ್ಳಬಹುದಿತ್ತು, ಹೊಟ್ಟೆಕಿಚ್ಚಿಗೆ ತಾಯಿತವೆಲ್ಲಿ? ಈಚೆಗೆ ದೆವ್ವದ ಸಿನಿಮಾಗಳಿಗೂ ದೊಡ್ಡ ದೊಡ್ಡ ಪ್ರಶಸ್ತಿಗಳು ಬರುತ್ತಿವೆಯಂತೆ. ಮೊದಲೆಲ್ಲ ಚೆನ್ನಾಗಿ ಅತ್ತವರಿಗೆ, ಚೆನ್ನಾಗಿ ಸತ್ತವರಿಗೆ ಪ್ರಶಸ್ತಿ. ಸತ್ತ ಮೇಲೆ ಎದ್ದು ಬಂದವರನ್ನು ಕೇಳುವವರಿರಲಿಲ್ಲ.

ನಾನು ಕೇಳುತ್ತಿದ್ದೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಶಹಾಬಾದ ಕಲ್ಲು ಹಾಸುವ ಕೆಲಸಕ್ಕೆ ನಿಂತವನು. ಸೇಡಂನಿಂದ ಚಿಂಚೋಳಿಯವರೆಗೆ ನಾನು ಹಾಸಿದ ನೆಲದ ಮೇಲೆ ನೀರು ಚೆಲ್ಲಿದರೆ ನೆಟ್ಟಗೆ ಮೋರಿಗೇ ಹೋಗುತ್ತದೆ. ಜಂಬವಲ್ಲ, ಚೆಲ್ಲಿ ನೋಡಿ. ಕೆಲಸ ಮುಗಿದರೆ ಮೈ ತೊಳೆದು ದೆವ್ವದ ಸಿನಿಮಾಕ್ಕೆ ಹೋಗುವುದೊಂದೇ ನನ್ನ ಶೋಕಿ. ಅದಕ್ಕೆ ಚಿತ್ತಾಪುರದ ಗುರುರಾಜ ಮಾಸ್ತರರು ಸಿಕ್ಕಾಗಲೆಲ್ಲ, "ಏನಪಾ ಮಲ್ಲಪ್ಪ, ನಿನ್ನ ದೆವ್ವಗೋಳು ಆರಾಮ ಅವ ಏನು?" ಎಂದು ಚುಡಾಯಿಸುತ್ತಿದ್ದರು.

ಪ್ರಶಸ್ತಿಯ ಸುದ್ದಿ ಬಂದದ್ದೇ ತಡ, ಚಿತ್ತಾಪುರದ ವಾಚನಾಲಯದಲ್ಲಿ ದೆವ್ವದ ಸಿನಿಮಾದ ಮೇಲೆ ಭಾಷಣ ಇಟ್ಟರು. ಶಾಲು ಹೊದಿಸಿ ಕೂರಿಸಿದ್ದು ಯಾರನ್ನು? ಅದೇ ಮಾಸ್ತರರನ್ನು! ನನ್ನೂರು ವಾಡಿಯಿಂದ ಬಸ್ಸು ಹತ್ತಿ ಹೋದ ನಾನು ಹಿಂದಿನ ಸಾಲಿನಲ್ಲಿ ಕುದಿಯುತ್ತ ಕುಳಿತೆ. ಅವರು ಕನ್ನಡಕ ಸರಿಪಡಿಸಿಕೊಂಡು ಹೇಳಿದರು: "ಬಲ್ಲವರೊಬ್ಬರು ನನಗ ಹೇಳ್ಯಾರ. ಕೆಟ್ಟ ದೆವ್ವದ ಸಿನಿಮಾ ತಾನೇ ಚೀರ್ತದ. ಚಲೋದು ಸುಮ್ಮ ಕುಂದರ್ತದ, ಚೀರೋರು ನಾವು."

ಸಭೆಯೆಲ್ಲ ಚಪ್ಪಾಳೆ. ನನ್ನ ಹೊಟ್ಟೆಕಿಚ್ಚು ಮಾಸ್ತರರನ್ನು ಬಿಟ್ಟು ಆ ಬಲ್ಲವನಿಗೆ ಅಂಟಿಕೊಂಡಿತು. ಎಷ್ಟು ಓದಿದ್ದಾನೋ ಪುಣ್ಯಾತ್ಮ! ಇಷ್ಟು ವರ್ಷ ನೋಡಿದ ನನಗೆ ಇಂಥ ಒಂದು ಮಾತು ಹೊಳೆಯಲಿಲ್ಲವಲ್ಲ. ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದೆ.

ಹೊರಗೆ ಚಹಾ ಕುಡಿಯುವಾಗ ತಡೆಯಲಾಗಲಿಲ್ಲ. "ಮಾಸ್ತರ, ಆ ಬಲ್ಲವರು ಯಾರ್ರಿ? ಬೆಂಗಳೂರವರೇನು?"

"ನೀನ ಅಲ್ಲೇನೋ ಖೋಡಿ! ನಮ್ಮ ಅಡಗಿಮನ್ಯಾಗ ಕಲ್ಲ ಹಾಸೋ ಮುಂದ ಅಂದಿದ್ದಿ. ಅವತ್ತ ನಾ ನಕ್ಕಿದ್ದೆ."

ಇದ್ದರೂ ಇರಬಹುದು. ಹಾಸಿದ ಕಲ್ಲನ್ನು ತಟ್ಟಿ, ಕೆಳಗೆ ಟೊಳ್ಳಿದೆಯೋ ಏನೋ ಎಂದು ಆಲಿಸುವಾಗ ನನ್ನ ಕಿವಿಯೆಲ್ಲ ಕಲ್ಲಿನ ಮೇಲೆ. ಬಾಯಿ ತನ್ನ ಪಾಡಿಗೆ ಏನು ಆಡುತ್ತದೋ ನನಗೇ ಕೇಳಿಸುವುದಿಲ್ಲ.

"ಮತ್ತ ನನ್ನ ಹೆಸರ ಯಾಕ ಹೇಳ್ಲಿಲ್ರಿ?"

ಮಾಸ್ತರರು ಬಸಿಯೊಳಗಿನ ಚಹಾ ಊದಿದರು. "ಹೇಳಿದ್ರ ನಿನಗೇ ಮೈಕ್ ಕೊಡ್ತಿದ್ರು. ಆಮ್ಯಾಲ ನನ್ನ ಯಾರ ಕೇಳ್ತಿದ್ರಪಾ?"

ಅಂದರೆ ಅವರಿಗೂ ಇದೇ ಬೇನೆ! ಅರ್ಧ ಸಿಟ್ಟು ಅಲ್ಲಿಯೇ ಇಳಿಯಿತು. ಉಳಿದರ್ಧ ವಾಡಿಯ ಬಸ್ಸಿನಲ್ಲಿ ನನ್ನ ಮೇಲೆಯೇ ತಿರುಗಿತು. ಅಷ್ಟು ಜನ ನನ್ನ ಮಾತಿಗೆ ಚಪ್ಪಾಳೆ ತಟ್ಟಿದ್ದರು. ತಟ್ಟದೆ ಕುಳಿತವನು ಇಡೀ ಸಭೆಯಲ್ಲಿ ನಾನೊಬ್ಬನೇ.