ಪೇರ್ ಸಿಕ್ಕಿದ ದಿನ

ಮೊನ್ನೆ ಪುತ್ತೂರಿನ ಬಸ್‌ಸ್ಟ್ಯಾಂಡಿನ ಬಳಿ ಬುಟ್ಟಿಯಲ್ಲಿದ್ದ ಪೇರಳೆ ಹಣ್ಣಿನ ಪರಿಮಳ ಮೂಗಿಗೆ ಬಡಿಯಿತು. ಅಷ್ಟೇ, ಅರವತ್ತರ ದಶಕದ ನಮ್ಮ ಪಕ್ಕದ ಮನೆಯ ಬಾಯಮ್ಮ ಹೊಲಿಗೆ ಮೆಷಿನಿನ ಸಮೇತ ಕಣ್ಣೆದುರು ಬಂದು ಕೂತೇಬಿಟ್ಟರು! ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದೇ ಕರೆಯುವುದು.

ಬಾಯಮ್ಮನ ಜಗಲಿಗೆ ಒಂದು ಕಾನೂನಿತ್ತು. ಹೊಲಿದ ಬಟ್ಟೆ ಕೈಗೆ ಸಿಗಬೇಕಾದರೆ ಒಂದು ಶಬ್ದ ತರಬೇಕು. ಒಬ್ಬರ ಮನೆಮಾತಿನಲ್ಲಿ ಒಂದು ಅರ್ಥ, ಇನ್ನೊಬ್ಬರದರಲ್ಲಿ ಸಂಬಂಧವೇ ಇಲ್ಲದ ಅರ್ಥ ಇರುವಂಥ ಶಬ್ದ. ಸುಳ್ಯದ ಅರೆಭಾಷೆಯವರು, ಆಲಂಕಾರಿನ ತುಳುವರು, ಪೇಟೆಯ ಬ್ಯಾರಿ ಹೆಂಗಸರು, ಎಲ್ಲರೂ ರವಿಕೆಗೆಂದು ಬಂದು ತಲೆ ಕೆರೆದುಕೊಂಡು ನಿಲ್ಲುವುದನ್ನು ನೋಡುವುದೆಂದರೆ ನನಗೆ ಖುಷಿಯೋ ಖುಷಿ. ನನ್ನ ಸರದಿ ಬರುವವರೆಗೆ...

ಅಂದು ಶಾಲೆಯ ವಾರ್ಷಿಕೋತ್ಸವ. ಮೊದಲ ಸಲ ನನ್ನನ್ನು ಕುಣಿತಕ್ಕೆ ಸೇರಿಸಿಕೊಂಡಿದ್ದರು. ಹಸಿರು ಲಂಗ ಬಾಯಮ್ಮನ ಹತ್ತಿರವಿತ್ತು. ನಾನು "ಹಾವು" ಎಂದೆ. ಕೊಂಕಣಿಯಲ್ಲಿ ಹಾಂವ್ ಅಂದರೆ 'ನಾನು'.

"ಅದು ಹಳತು ಮಾರಾಯ್ತಿ. ಹೊಸತು ಎಂತ ಉಂಟು?"

ಅಳುಮೋರೆ ಹಾಕಿಕೊಂಡು ಬೀದಿಗೆ ಓಡಿದೆ. ಚಹಾದಂಗಡಿಯ ಮಲಯಾಳಿ ಅಜ್ಜ ಎಂದಿನಂತೆ ತಮಾಷೆಗೆ, "ಪೇರೆಂದಾ ಮೋಳೇ?" ಎಂದು ಹೆಸರು ಕೇಳಿದರು. ನಾನು ನಿಂತಲ್ಲೇ ನಿಂತೆ. ಪೇರ್! ಅವರಿಗೆ ಹೆಸರು, ನಮ್ಮ ಮನೆಯ ತುಳುವಿನಲ್ಲಿ ಹಾಲು, ಬಾಯಮ್ಮನ ಕೊಂಕಣಿಯಲ್ಲಿ ಪೇರಳೆ! ಆ ಹಣ್ಣಿನ ಹೆಸರು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದೆಂದು ಬಾಯಮ್ಮನೇ ಹೇಳಿದ್ದರು.

ಒಂದೇ ಉಸಿರಿಗೆ ಓಡಿಬಂದು ಹೇಳಿದೆ. ಬಾಯಮ್ಮ ಮೆಷಿನ್ ಬಿಟ್ಟು ಎದ್ದರು. "ದೇವಾ! ಒಂದಲ್ಲ ಎರಡಲ್ಲ, ಮೂರು ಉಂಟು!" ಲಂಗವನ್ನು ಹೆಗಲಿಗೆ ಹಾಕಿಕೊಂಡು, ನನ್ನ ಕೈ ಹಿಡಿದು, ಮನೆಮನೆಗೂ ಸುದ್ದಿ ಹೇಳಲು ಹೊರಟೇಬಿಟ್ಟರು. ಚಪ್ಪಲಿ ಅಂಗಡಿಯವರು ನಕ್ಕರು. "ಒಂದು ಪೇರ್ ಚಪ್ಪಲಿ ಅಂತ ನಾವು ಹೇಳುದಿಲ್ವಾ ಬಾಯಮ್ಮಾ?" ಇಂಗ್ಲಿಷೂ ಸೇರಿ ನಾಲ್ಕಾಯಿತು! ನಾವಿಬ್ಬರೂ ಬೀದಿಯಲ್ಲೇ ಚಪ್ಪಾಳೆ ತಟ್ಟಿದೆವು.

ಶಾಲೆಗೆ ತಲುಪಿದಾಗ ನಮ್ಮ ತರಗತಿಯ ಕುಣಿತ ಮುಗಿದಿತ್ತು.

ನಾನು ಬಿಕ್ಕಿಬಿಕ್ಕಿ ಅತ್ತೆ. ಬಾಯಮ್ಮನ ಮುಖ ಬಿಳುಚಿಕೊಂಡಿತು. "ಇದೆಲ್ಲ ನನ್ನ ಮರುಳು, ಮಗೂ, ನನ್ನ ಮರುಳು..." ಎಂದರು. ಸಂಜೆ ಬಟ್ಟೆಗೆ ಬಂದವರನ್ನೆಲ್ಲ ಜಗಲಿಯಲ್ಲಿ ಕೂರಿಸಿದರು. ನನಗೆ ಲಂಗ ಉಡಿಸಿದರು. ನೂಲು ತೆಗೆದ ಮೆಷಿನನ್ನು ತಾಳಕ್ಕೆ ಸರಿಯಾಗಿ ತುಳಿಯುತ್ತಾ, "ಹೂಂ, ಕುಣಿ ಈಗ" ಎಂದರು. ಕುಣಿದೆ! ಚಹಾದಂಗಡಿಯ ಅಜ್ಜ ಅಂಗಳದಲ್ಲಿ ನಿಂತು ನೋಡಿದರು. ಒಮ್ಮೆ ಸಾಲದೆಂದು ಬಾಯಮ್ಮ ಇನ್ನೊಮ್ಮೆ ಕುಣಿಸಿದರು.

ಬಾಯಮ್ಮ ತೀರಿಕೊಂಡು ಬಹಳ ಕಾಲವಾಯಿತು. ಜಗಲಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಶಾಲೆಯಲ್ಲಿ ಅಂದು ಕುಣಿದವರದೊಂದು ಫೋಟೋ ಇದೆ, ಅದರಲ್ಲಿ ನಾನಿಲ್ಲ. ಜಗಲಿಯಲ್ಲಿ ಕೂತು ನೋಡಿದವರು ಒಬ್ಬೊಬ್ಬರಾಗಿ ಹೋದರು... ನಾನು ಅಂದು ಚೆನ್ನಾಗಿ ಕುಣಿದೆ ಎಂದು ಹೇಳಲು ಈಗ ನಾನೊಬ್ಬಳೇ ಉಳಿದಿದ್ದೇನೆ.