ಗಾಜಿನ ಸಾಮಾನು ಎಂದು ಹೇಳಿದ ಪೆಟ್ಟಿಗೆಗಳು

ಅರುಂಧತಿ ಮದುವೆಯಾಗಿ ಸಿಡ್ನಿಯ ಟೂಂಗಾಬಿಗೆ ಬಂದದ್ದು ೨೦೦೪ರಲ್ಲಿ. ಬಂದ ದಿನವೇ ಗೊತ್ತಾಯಿತು, ಗಂಡ ದಿವಾಕರ ಮನೆಯಲ್ಲಿ ಎರಡು ಹೆಬ್ಬಾವು ಸಾಕಿದ್ದಾನೆ ಅಂತ. ಮದುವೆಗೆ ಮುಂಚೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದ್ದವನು ಇದೊಂದನ್ನು ಮಾತ್ರ ಬಾಯಿಬಿಟ್ಟಿರಲಿಲ್ಲ. ವಿಷವಿಲ್ಲದ ಜಾತಿ, ಸಾಕಲು ಲೈಸೆನ್ಸ್ ಇತ್ತು. ಕಪ್ಪಗಿದ್ದದ್ದು ರಾಗಿ, ಹಳದಿ ಪಟ್ಟೆಯದು ಜೋಳ. ನಾಲ್ಕು ವರ್ಷ ಅವಳು ಅವುಗಳ ರೂಮಿಗೆ ಕಾಲಿಡಲಿಲ್ಲ. ಕನ್ನಡದವರ ಮನೆಗಳಲ್ಲಿ ಯಾರಿಗೂ ಹಾವಿನ ಸುದ್ದಿ ತಿಳಿಯದಂತೆ ನೋಡಿಕೊಂಡಳು.

೨೦೦೮ರ ಜನವರಿಯಲ್ಲಿ ದಿವಾಕರನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಪಾಯಿಂಟ್ ಕುಕ್ ಬಡಾವಣೆಯಲ್ಲಿ ಮನೆ ಹಿಡಿದು, ಹಾವುಗಳಿಗೆ ಅಲ್ಲಿಯ ಪರ್ಮಿಟ್ಟನ್ನೂ ಮಾಡಿಸಿ, ಒಂದು ವಾರ ಮುಂಚೆ ಹೋದ. ಸಿಡ್ನಿಯ ನಾರ್ವೆಸ್ಟ್‌ನ ಆಫೀಸಿನಲ್ಲಿ ಅರುಂಧತಿಯ ನೋಟಿಸ್ ಅವಧಿ ಮುಗಿಯಬೇಕಿತ್ತು. ಸಾಮಾನು ಸಾಗಿಸುವವರು ಜೀವಂತ ಪ್ರಾಣಿ ಒಯ್ಯುವುದಿಲ್ಲ ಅಂದರು. ಹಾಗಾಗಿ ಹಾವುಗಳನ್ನು ಕಾರಿನಲ್ಲಿ ತರುವುದು ಅವಳ ಪಾಲಿಗೆ ಬಂತು.

ಹೊರಡುವ ಬೆಳಿಗ್ಗೆ ದಿವಾಕರನ ಗೆಳೆಯನೊಬ್ಬ ಬಂದು ಎರಡನ್ನೂ ದಿಂಬಿನ ಚೀಲಗಳಲ್ಲಿ ಹಾಕಿ, ಬಾಯಿ ಕಟ್ಟಿ, ತೂತು ಕೊರೆದ ಎರಡು ಥರ್ಮೋಕೋಲ್ ಪೆಟ್ಟಿಗೆಗಳಲ್ಲಿಟ್ಟು ಹೋದ. ದಿವಾಕರ ಫೋನಿನಲ್ಲಿ ಮೂರು ಸಲ ಹೇಳಿದ: ಪೆಟ್ಟಿಗೆ ಹಿಂದಿನ ಸೀಟಲ್ಲೇ ಇರಲಿ, ಎಸಿ ಹಾಕಿರು, ಕಾರು ನಿಲ್ಲಿಸಿದರೆ ಅವನ್ನು ಬಿಟ್ಟು ಹೋಗಬೇಡ.

ಜೊತೆಗೆ ಬರುವವರು ಗೋಪಾಲ ಅಂಕಲ್. ಮೈಸೂರಿನವರು, ರಿಟೈರ್ಡ್ ಡಾಕ್ಟರ್, ಮೆಲ್ಬರ್ನ್‌ನಲ್ಲಿದ್ದ ಮಗಳ ಮನೆಗೆ ಹೊರಟವರು; ಡ್ರೈವಿಂಗಿನಲ್ಲಿ ಕೈಜೋಡಿಸುತ್ತೇನೆ ಅಂದಿದ್ದರು. ಪೆಟ್ಟಿಗೆ ನೋಡಿ ಏನಮ್ಮ ಇದು ಎಂದು ಕೇಳಿದರು. ಗಾಜಿನ ಸಾಮಾನು ಅಂದುಬಿಟ್ಟಳು ಅರುಂಧತಿ. ಅಂದ ಮೇಲೆ ಸೀಟಿನ ಮೇಲಿಡಲು ಧೈರ್ಯವಾಗಲಿಲ್ಲ. ಎರಡನ್ನೂ ಡಿಕ್ಕಿಗೆ ತಳ್ಳಿದಳು. ಒಂದೇ ದಿನ ತಾನೆ, ಅಂದುಕೊಂಡಳು.

ಅರ್ಧ ದಾರಿಯಲ್ಲಿ, ಗುಂಡಗೈ ಎಂಬ ಊರಿನಲ್ಲಿ ಊಟಕ್ಕೆ ನಿಂತರು. ಬಿಸಿಲು ನಲವತ್ತು ದಾಟಿತ್ತು. ಅಂಕಲ್ ನಿಧಾನವಾಗಿ ಉಂಡು, ಇನ್ನೊಂದು ಕಾಫಿ ಹೇಳಿ, ತಮ್ಮ ಕಾಲೇಜಿನ ಕಥೆ ಶುರುಮಾಡಿದರು. ಕಾರು ನಿಲ್ಲಿಸಿದ ಕಡೆಯ ನೆರಳು ಸರಿದದ್ದು ಅವಳಿಗೆ ಕಿಟಕಿಯಿಂದ ಕಾಣುತ್ತಿತ್ತು. ಏಳೋಣ ಅನ್ನಲು ಕಾರಣ ಹೇಳಬೇಕಾಗುತ್ತದಲ್ಲ ಎಂದು ಸುಮ್ಮನೆ ಕೂತಳು. ಒಂದೂವರೆ ಗಂಟೆ.

ಸಂಜೆ ಪಾಯಿಂಟ್ ಕುಕ್ ತಲುಪಿದಾಗ ದಿವಾಕರ ಓಡಿ ಬಂದು ಹಿಂದಿನ ಬಾಗಿಲು ತೆಗೆದ. ಸೀಟು ಖಾಲಿಯಿತ್ತು. ಅವಳ ಮುಖ ನೋಡಿ ಡಿಕ್ಕಿ ತೆಗೆದ. ಹಾಸಿಗೆ ಸುರುಳಿಯ ಅಡಿಯಿದ್ದ ಪೆಟ್ಟಿಗೆಯಲ್ಲಿ ರಾಗಿ ಮೆಲ್ಲಗೆ ಅಲುಗಿತು. ಜೋಳ ಅಲುಗಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಅಲ್ಲೇ ಸಿಮೆಂಟಿನ ಮೇಲೆ ಕೂತ.

"ಹಾವು, ಅಂಕಲ್," ಅಂದಳು ಅರುಂಧತಿ. "ನಿಮಗೆ ಹೆದರಿಕೆಯಾಗುತ್ತೆ ಅಂತ ಸುಳ್ಳು ಹೇಳಿದೆ."

ಗೋಪಾಲ ಅಂಕಲ್ ಹೋಗಿ ದಿವಾಕರನ ಪಕ್ಕ ಕೂತರು. ಆಮೇಲೆ, "ಹೇಳಿದ್ದಿದ್ರೆ ತೊಡೆ ಮೇಲೆ ಇಟ್ಕೊಂಡು ಬರ್ತಿದ್ದೆನಲ್ಲಮ್ಮಾ," ಅಂದರು.

ದಿವಾಕರ ಒಂದು ಮಾತೂ ಬೈಯಲಿಲ್ಲ. ಬೇಕಂತ ಮಾಡಿದ್ದಲ್ಲವಲ್ಲ, ಬಿಡು ಅಂದ. ಆ ಮಾತೇ ಅವಳನ್ನು ತಿಂದದ್ದು. ಬೆಂಗಳೂರಿನಿಂದ ಅಮ್ಮ, ಸರ್ಪ ಸತ್ತರೆ ಶಾಂತಿ ಮಾಡಿಸಬೇಕು ಅಂದರು. ದೇವರ ಹತ್ತಿರ ಹೇಳಿಕೊಳ್ಳುವುದು ಸುಲಭವಿತ್ತು. ಹತ್ತು ದಿನ ಕಳೆದ ಮೇಲೆ ಗಂಡನ ಎದುರು ಕೂತು ಹೇಳಿದಳು:

"ಡಿಕ್ಕಿ ಮುಚ್ಚೋವಾಗ, ಏನಾದ್ರೂ ಆದ್ರೆ ಆಗ್ಲಿ ಅನ್ನಿಸಿತ್ತು ನಂಗೆ. ಒಂದು ಕ್ಷಣ."

ಅವನು ಎದ್ದು ಹೊರಗೆ ಹೋದ. ನಾಲ್ಕು ದಿನ ಬೇಕಾದಷ್ಟೇ ಮಾತು. ಐದನೆಯ ದಿನ ಆಫೀಸಿಗೆ ಹೊರಡುತ್ತಾ, ರಾಗಿಯ ನೀರು ಬದಲಾಯಿಸುತ್ತೀಯಾ ಎಂದು ಕೇಳಿದ. ಅವಳು ಮೊದಲ ಸಲ ರಾಗಿಯ ಗೂಡಿನ ಗಾಜಿನ ಮುಚ್ಚಳ ಸರಿಸಿದಳು. ಅರ್ಧ ನೀರು ನೆಲಕ್ಕೆ ಚೆಲ್ಲಿತು.

ರಾಗಿ ಎರಡು ತಿಂಗಳು ಏನೂ ತಿನ್ನಲಿಲ್ಲ. ಪ್ರತಿ ವಾರ ಫ್ರೀಜರಿನ ಇಲಿಯನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಇಕ್ಕಳದಲ್ಲಿ ಹಿಡಿದು ನಿಲ್ಲುತ್ತಿದ್ದವಳು ಅರುಂಧತಿಯೇ. ಏಪ್ರಿಲ್‌ನ ಒಂದು ಮಧ್ಯಾಹ್ನ ಅದು ತಿಂದಿತು. ದಿವಾಕರನಿಗೆ ಫೋನ್ ಮಾಡಿದಳು. ತಿಂತು ಅಂದಳು. ಬೇಗ ಬರ್ತೀನಿ ಅಂದ ಅವನು.

ಅವನು ಕ್ಷಮಿಸಿದ್ದಾನೆಂದು ಅಮ್ಮನೂ ಗೋಪಾಲ ಅಂಕಲ್ಲೂ ಹೇಳುತ್ತಾರೆ. ಕ್ಷಮಿಸಿದ್ದೀಯಾ ಎಂದು ಅವಳು ಅವನನ್ನು ಕೇಳಿಲ್ಲ.